ಮನೆಯಿಂದ ನಡೆಸುವ ಸಣ್ಣ ವ್ಯವಹಾರದ ಹೆಸರು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದ ಹತ್ತಿರದ ಹಳ್ಳಿಯಲ್ಲಿ ಕುಳಿತು ಬೆಂಗಳೂರು, ಕೊಚ್ಚಿ ಕಡೆಯ ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಊರಿಗೆ ಮರಳಿ ಮನೆಯಿಂದಲೇ ದುಡಿಯುತ್ತಿರುವ ಹುಡುಗರು, ಕಾಫಿ ಪುಡಿ ಹುರಿದು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳುಹಿಸುವ ಹೆಣ್ಣುಮಕ್ಕಳು, ಅನುವಾದಕರು, ವಿನ್ಯಾಸಕರು ಮದುವೆ ಮನೆಯಲ್ಲಿ ಸಿಕ್ಕಾಗಲೂ ಸಂತೆಯಲ್ಲಿ ಸಿಕ್ಕಾಗಲೂ ಹೆಸರಿನ ವಿಷಯವನ್ನೇ ಕೇಳುತ್ತಾರೆ. ಕಾನೂನು ಇಡೀ ದೇಶಕ್ಕೆ ಒಂದೇ. ಆದರೆ ನಮ್ಮ ಜಾಗದ ಕಾಗದಪತ್ರ, ನಮ್ಮ ಒಕ್ಕದ (ಒಂದೇ ಮೂಲದ ಮನೆತನದ) ಹೆಸರು, ‘ಕೂರ್ಗ್’ ಎಂಬ ಪದಕ್ಕಿರುವ ಬೆಲೆ, ಇವುಗಳಿಂದ ಇಲ್ಲಿನ ತೊಡಕುಗಳು ಸ್ವಲ್ಪ ಬೇರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಶುರು ಮಾಡುವ ಮುನ್ನ

ವ್ಯವಹಾರದ ಹೆಸರು ನೋಂದಾಯಿಸುವ ಕಚೇರಿ ಎಲ್ಲಿದೆ? ಮಡಿಕೇರಿಗೆ ಹೋಗಬೇಕೇ?

ಹಾಗೆ ಒಂದೇ ಕಚೇರಿ ಇಲ್ಲ. ಒಬ್ಬರೇ ಮಾಲೀಕರಾಗಿ ನಡೆಸುವ ವ್ಯವಹಾರದ ಹೆಸರನ್ನು ದಾಖಲಿಸಲೆಂದೇ ಇರುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಹೆಸರು ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ ದಾಖಲಾಗುತ್ತದೆ: ಸಣ್ಣ ಉದ್ಯಮ ಎಂದು ಗುರುತಿಸಿಕೊಳ್ಳಲು ಉದ್ಯಮ್ ನೋಂದಣಿ, ತೆರಿಗೆಗೆ ಜಿಎಸ್‌ಟಿ, ಸ್ಥಳೀಯ ಪರವಾನಗಿಗೆ ಪಂಚಾಯಿತಿ ಅಥವಾ ಪುರಸಭೆ, ಹಣಕ್ಕೆ ಬ್ಯಾಂಕು. ಈ ನಾಲ್ಕರಲ್ಲಿ ಯಾವುದೂ ನಿಮ್ಮನ್ನು ಆ ಹೆಸರಿನ ಒಡೆಯರನ್ನಾಗಿ ಮಾಡುವುದಿಲ್ಲ. ಆ ಕೆಲಸ ಟ್ರೇಡ್‌ಮಾರ್ಕ್‌ನದು. ಈ ವ್ಯತ್ಯಾಸ ತಿಳಿಯದೆ ಹೆಸರು ಕಳೆದುಕೊಂಡವರನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ಅಕ್ಕ, ನಾನೊಬ್ಬಳೇ ದುಡಿಯುವವಳು. ನನಗೆ ಬೇರೆ ಹೆಸರು ಬೇಕೇ ಬೇಕೇ?

ಬೇಡ. ನಿಮ್ಮ ಸ್ವಂತ ಹೆಸರಿನಲ್ಲೇ ಬಿಲ್ಲು ಬರೆದು, ನಿಮ್ಮ ಪಾನ್ ಸಂಖ್ಯೆಯಲ್ಲೇ ತೆರಿಗೆ ಕಟ್ಟಬಹುದು. ಅನುವಾದ, ಪಾಠ, ಲೆಕ್ಕದಂಥ ಕೆಲಸದಲ್ಲಿ ಗಿರಾಕಿ ನಂಬುವುದು ನಿಮ್ಮನ್ನೇ. ಮಾರುವುದು ವಸ್ತುವಾದರೆ ಮಾತ್ರ ಮೊದಲ ದಿನವೇ ಹೆಸರು ಯೋಚಿಸಿ, ಏಕೆಂದರೆ ಪೊಟ್ಟಣದ ಮೇಲೆ ಬಿದ್ದ ಹೆಸರನ್ನು ಆಮೇಲೆ ಬದಲಿಸುವುದು ಕಷ್ಟ.

ಉದ್ಯಮ್ ಮಾಡಿಸಿಕೊಡಲು 2,500 ರೂಪಾಯಿ ಕೇಳುತ್ತಿದ್ದಾರೆ. ಸರಿಯೇ?

ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. 2020ರ ಜುಲೈ 1ರಿಂದ ಜಾರಿಯಲ್ಲಿದೆ, ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಆಧಾರ್, ಪಾನ್, ಬ್ಯಾಂಕ್ ಖಾತೆಯ ವಿವರ ಸಾಕು. ಯಾವ ಕಾಗದವನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಸರ್ಕಾರದ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಶುಲ್ಕ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣಗಳ ಗುರುತಾದ ‘gov.in’ ಇದೆಯೇ ಎಂದು ನೋಡಿ. ಅರ್ಜಿ ತುಂಬಿಕೊಟ್ಟವರಿಗೆ ಅವರ ಶ್ರಮಕ್ಕೆಂದು ನೀವು ಏನಾದರೂ ಕೊಡುವುದು ಬೇರೆ ಮಾತು.

ನಮ್ಮ ಕಡೆ ನಿಜವಾದ ಅಡ್ಡಿ ಒಟಿಪಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಗೇ ಅದು ಬರುತ್ತದೆ. ಕಳೆದ ಆಟಿ ತಿಂಗಳಲ್ಲಿ ಪಕ್ಕದ ಮನೆಯ ಹುಡುಗಿಯ ಅರ್ಜಿ ತುಂಬುವಾಗ ನಾನು ಒಳಗೆ ಲ್ಯಾಪ್‌ಟಾಪ್ ಮುಂದೆ, ಅವಳು ಕೊಡೆ ಹಿಡಿದು ಕಾಫಿ ಕಣದ ಆ ತುದಿಯಲ್ಲಿ. ಅಲ್ಲಿ ಮಾತ್ರ ಸಿಗ್ನಲ್. ಅವಳು ಆರು ಅಂಕಿಗಳನ್ನು ಕೂಗಿ ಹೇಳುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ನಾಲ್ಕನೆಯ ಸಲ ಆಯಿತು. ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ. ಆಧಾರ್‌ನಲ್ಲಿ ಹಳೆಯ ಸಂಖ್ಯೆ ಇದ್ದರೆ ಮೊದಲು ಅದನ್ನು ಬದಲಿಸಿಕೊಳ್ಳಿ.

ನಾವಿಬ್ಬರು ಸ್ನೇಹಿತರು ಸೇರಿ ಮಾಡುತ್ತಿದ್ದೇವೆ. ಯಾರ ಹೆಸರಿನಲ್ಲಿ ಮಾಡುವುದು?

ಒಬ್ಬರ ಹೆಸರಿನಲ್ಲಿ ಮಾಡಿದರೆ ಕಾನೂನಿನ ಕಣ್ಣಿಗೆ ಇನ್ನೊಬ್ಬರು ಇಲ್ಲವೇ ಇಲ್ಲ. ಪಾಲುದಾರಿಕೆ ಪತ್ರ ಬರೆಸಿ, 1932ರ ಪಾಲುದಾರಿಕೆ ಕಾಯ್ದೆಯಡಿ ನೋಂದಾಯಿಸಿ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆ. ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 69ನೇ ಸೆಕ್ಷನ್ ಹೇಳುತ್ತದೆ. ದೂರದೂರಿನ, ಮುಖವನ್ನೇ ಕಾಣದ ಗಿರಾಕಿಯಿಂದ ಹಣ ಬರಬೇಕಾದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂದು ಹಾಕಿದರೆ ಗೌರವ ಹೆಚ್ಚಲ್ಲವೇ?

ಕಂಪನಿ ಅಲ್ಲದವರು ಹಾಕುವುದು ಅಪರಾಧ. 2013ರ ಕಂಪನಿ ಕಾಯ್ದೆಯಂತೆ ಹಾಗೆ ಬಳಸಿದ ಪ್ರತಿ ದಿನಕ್ಕೆ 500ರಿಂದ 2,000 ರೂಪಾಯಿವರೆಗೆ ದಂಡವಿದೆ. ‘ಎಂಟರ್‌ಪ್ರೈಸಸ್’, ‘ಟ್ರೇಡರ್ಸ್’, ‘ಸೇವೆಗಳು’ ಎಂದು ಧಾರಾಳವಾಗಿ ಹಾಕಿಕೊಳ್ಳಿ.

## ಹೆಸರು ಆರಿಸುವಾಗ

‘ಕೊಡಗು’ ಅಥವಾ ‘ಕೂರ್ಗ್’ ಎಂದು ಸೇರಿಸಿದರೆ ಹೊರಗಿನವರಿಗೆ ಬೇಗ ತಿಳಿಯುತ್ತದೆ. ಸೇರಿಸಬಹುದೇ?

ಸೇರಿಸಬಹುದು, ಆದರೆ ಆ ಪದ ನಿಮ್ಮದಾಗುವುದಿಲ್ಲ. ವಸ್ತು ಎಲ್ಲಿಯದು, ಎಂಥದು ಎಂದು ಹೇಳುವುದಷ್ಟೇ ಕೆಲಸವಾಗಿರುವ ಪದಗಳನ್ನು ಒಬ್ಬರಿಗೆ ಬರೆದುಕೊಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಒಪ್ಪುವುದಿಲ್ಲ. ‘ಕೂರ್ಗ್ ಕಾಫಿ’, ‘ಕೊಡಗು ಜೇನು’ ಎಂಬಂಥ ಹೆಸರಿಗೆ ಆಕ್ಷೇಪಣೆ ಬರುವುದು ಹೆಚ್ಚುಕಡಿಮೆ ಖಚಿತ. ನಿಮ್ಮ ಪಕ್ಕದ ಅಂಗಡಿಯವರೂ ನಾಳೆ ಅದೇ ಪದ ಹಾಕಿಕೊಂಡರೆ ತಡೆಯುವ ದಾರಿಯಿಲ್ಲ.

ಇದರ ಮೇಲೆ ಇನ್ನೊಂದು ಪದರವಿದೆ. ಕೊಡಗಿನ ಕಿತ್ತಳೆ, ಕೊಡಗಿನ ಹಸಿರು ಏಲಕ್ಕಿ, ಕೂರ್ಗ್ ಅರೇಬಿಕಾ ಕಾಫಿ, ಈ ಮೂರಕ್ಕೂ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಇಂಥ ಊರಿನದ್ದೇ ವಸ್ತು ಎಂಬ ಕಾನೂನಿನ ಗುರುತು, ಇದೆ. ಕಾಫಿಗೆ ಅದು ಸಿಕ್ಕಿದ್ದು 2019ರಲ್ಲಿ. ಈ ಹೆಸರುಗಳು ಇಲ್ಲಿನ ಬೆಳೆಗಾರರೆಲ್ಲರ ಸೊತ್ತು. ನೀವು ಇಲ್ಲಿ ಬೆಳೆಯುವವರಾದರೆ ಚೆನ್ನೈಯ ಭೌಗೋಳಿಕ ಸೂಚಕ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ರಾಗಿ ಹೆಸರು ಸೇರಿಸಿಕೊಳ್ಳಬಹುದು. ಇಷ್ಟೊಂದು ಬೆಳೆಗಾರರಿರುವ ಜಿಲ್ಲೆಯಲ್ಲಿ ಈ ದಾರಿಯ ಬಗ್ಗೆ ಕೇಳುವವರೇ ಕಡಿಮೆ ಎಂಬುದು ನನಗೆ ಬಹಳ ಬೇಸರದ ಸಂಗತಿ. ಹೊರಗಿನ ಬೀಜ ಬೆರೆಸಿ ‘ಕೂರ್ಗ್’ ಎಂದು ಮಾರುವವರನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿರುವ ಆಯುಧ ಅದು.

ನನ್ನ ಸಲಹೆ: ನಿಮ್ಮದೇ ಆದ ಒಂದು ಪದವನ್ನು ಮುಂದಿಡಿ, ಊರಿನ ಹೆಸರನ್ನು ಕೆಳಗೆ ವಿವರಣೆಯಾಗಿ ಬರೆಯಿರಿ. ಕಾಫಿಗೆ ‘ಕಾಫಿ’ ಎನ್ನುವ ಹೆಸರು ಬಲಹೀನ. ಕಾಫಿಗೆ ಸಂಬಂಧವೇ ಇಲ್ಲದ ಹಕ್ಕಿಯ ಹೆಸರೋ ತೋಟದ ಮೂಲೆಯ ಹೆಸರೋ ಬಲಶಾಲಿ.

ನಮ್ಮ ಒಕ್ಕದ ಹೆಸರನ್ನೇ ಇಡಬೇಕೆಂದಿದ್ದೇನೆ. ದೊಡ್ಡಪ್ಪನ ಮಗ ಬೇಡ ಎನ್ನುತ್ತಿದ್ದಾನೆ. ಅವನಿಗೆ ಆ ಹಕ್ಕು ಇದೆಯೇ?

ಈ ಪ್ರಶ್ನೆ ಕೊಡಗಿನಲ್ಲಿ ಮಾತ್ರ ಇಷ್ಟು ಸಲ ಬರುತ್ತದೇನೋ. ಒಕ್ಕದ ಹೆಸರು ನಿಮ್ಮ ಹೆಸರಿನ ಭಾಗ, ಅವನ ಹೆಸರಿನ ಭಾಗವೂ ಹೌದು. ಪ್ರಾಮಾಣಿಕವಾಗಿ ತನ್ನದೇ ಹೆಸರಿನಲ್ಲಿ ವ್ಯಾಪಾರ ಮಾಡುವವನನ್ನು ಟ್ರೇಡ್‌ಮಾರ್ಕ್ ಪಡೆದವರೂ ತಡೆಯುವಂತಿಲ್ಲ ಎಂದು ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತದೆ. ಅಂದರೆ ಅವನು ನಿಮ್ಮನ್ನು ಸುಲಭವಾಗಿ ತಡೆಯಲಾರ, ನೀವೂ ಮುಂದೆ ಅವನನ್ನು ತಡೆಯಲಾರಿರಿ. ಒಕ್ಕದಲ್ಲಿ ಮೂವತ್ತು ಮನೆಗಳಿದ್ದರೆ ಮೂವತ್ತೂ ಮನೆಯವರಿಗೆ ಅದೇ ಮಾತು.

ಕಾನೂನು ಬಿಡಿ. ಸುಗ್ಗಿಯ ಹಬ್ಬ ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರಬೇಕಲ್ಲ. ಒಕ್ಕದ ಹಿರಿಯರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಇಲ್ಲವೇ ಒಕ್ಕದ ಹೆಸರಿಗೆ ನಿಮ್ಮದೇ ಇನ್ನೊಂದು ಪದ ಜೋಡಿಸಿ, ಆ ಜೋಡಿಯನ್ನು ನಿಮ್ಮ ಗುರುತಾಗಿ ಬೆಳೆಸಿ. ನಾನಾಗಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ.

ಇದೇ ಹೆಸರು ಬೇರೆಯವರ ಬಳಿ ಇದೆಯೇ ಎಂದು ನೋಡುವುದು ಹೇಗೆ?

ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಉಚಿತ ಹುಡುಕಾಟವಿದೆ. ಪದವನ್ನು ಹಾಗೆಯೇ ಹುಡುಕುವುದರ ಜೊತೆಗೆ ಉಚ್ಚಾರದ ಸಾಮ್ಯದಿಂದಲೂ ಹುಡುಕಬಹುದು. ಎರಡನ್ನೂ ಮಾಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿ ಹೆಸರುಗಳನ್ನು ನೋಡಿ. ಜಾಲತಾಣದ ವಿಳಾಸ ಸಿಗುತ್ತದೆಯೇ ನೋಡಿ. ಉದ್ಯಮ್ ಮತ್ತು ಜಿಎಸ್‌ಟಿಯಲ್ಲಿ ಒಂದೇ ಹೆಸರಿನವರು ಎಷ್ಟು ಜನ ಬೇಕಾದರೂ ಇರಬಹುದು. ಹಾಗಾಗಿ ಅಲ್ಲಿ ಅರ್ಜಿ ಸ್ವೀಕಾರವಾಯಿತು ಎಂದ ಮಾತ್ರಕ್ಕೆ ಹೆಸರು ಖಾಲಿ ಇತ್ತು ಎಂದು ತಿಳಿಯಬೇಡಿ.

ಹೆಸರು ಕನ್ನಡದ್ದು. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಇದನ್ನು ನಾನು ನನ್ನ ಅನುಭವದಿಂದ ಹೇಳುತ್ತೇನೆ. ನನ್ನ ವ್ಯವಹಾರದ ಹೆಸರಿನಲ್ಲಿರುವ ದೀರ್ಘ ಸ್ವರಕ್ಕೆ ಉದ್ಯಮ್‌ನಲ್ಲಿ ಎರಡು ‘ಎ’ ಹಾಕಿದ್ದೆ, ಬ್ಯಾಂಕ್ ಖಾತೆಯಲ್ಲಿ ಒಂದೇ ‘ಎ’. ಮೊದಲ ದೊಡ್ಡ ಗಿರಾಕಿಯ ಹಣ ಹೆಸರು ಹೊಂದುವುದಿಲ್ಲವೆಂದು ಹಿಂದಕ್ಕೆ ಹೋಯಿತು. ಅದು ಮತ್ತೆ ನನ್ನ ಕೈ ಸೇರಲು ಮೂರು ವಾರ ಬೇಕಾಯಿತು. ಕಾಫಿ ಕುಯ್ಯುವ ಕಾಲ, ಮನೆಯಲ್ಲಿ ಆಳುಗಳಿಗೆ ವಾರದ ಕೂಲಿ ಕೊಡಬೇಕಾಗಿತ್ತು.

‘ಪುತ್ತರಿ’ ಎಂಬ ಪದವನ್ನೇ ನೋಡಿ. ಇಂಗ್ಲಿಷ್‌ನಲ್ಲಿ ಅದನ್ನು ನಾಲ್ಕೈದು ಬಗೆಯಲ್ಲಿ ಬರೆಯುತ್ತಾರೆ, ಕನ್ನಡದಲ್ಲೇ ‘ಹುತ್ತರಿ’ ಎನ್ನುವವರಿದ್ದಾರೆ. ಒಂದು ಕಾಗುಣಿತವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಎಲ್ಲ ಅರ್ಜಿಯಲ್ಲೂ ಅಕ್ಷರ, ಅಂತರ, ಚುಕ್ಕಿ ಸಹಿತ ಅದನ್ನೇ ಬರೆಯಿರಿ. ಕನ್ನಡ ಲಿಪಿಯಲ್ಲೇ ಟ್ರೇಡ್‌ಮಾರ್ಕ್ ಕೇಳಬಹುದು. ಆಗ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕಾಗುತ್ತದೆ.

## ಕಾಗದಪತ್ರದ ತೊಡಕು

ಕರೆಂಟ್ ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಪಹಣಿ ಒಕ್ಕದ ಪಟ್ಟೆದಾರರ ಹೆಸರಿನಲ್ಲಿದೆ. ವಿಳಾಸಕ್ಕೆ ಏನು ಕೊಡಲಿ?

ಉದ್ಯಮ್‌ಗೆ ಈ ತೊಂದರೆ ಇಲ್ಲ, ಅಲ್ಲಿ ವಿಳಾಸವನ್ನು ನೀವೇ ಘೋಷಿಸುತ್ತೀರಿ. ಜಿಎಸ್‌ಟಿಗೆ ಮಾತ್ರ ಜಾಗದ ದಾಖಲೆ ಬೇಕು: ಕರೆಂಟ್ ಬಿಲ್ಲು ಅಥವಾ ಮನೆ ಕಂದಾಯದ ರಸೀದಿ, ಜಾಗ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಪತ್ರ. ತೀರಿಹೋದವರು ಒಪ್ಪಿಗೆ ಕೊಡಲಾರರು, ಅಲ್ಲಿಗೆ ಅರ್ಜಿ ನಿಲ್ಲುತ್ತದೆ.

ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ) ಜಾಗದ ಪಹಣಿ ಸರಿಪಡಿಸುವುದು ವರ್ಷಗಳ ಕೆಲಸ, ಅದಕ್ಕಾಗಿ ಕಾಯಬೇಡಿ. ಅದಕ್ಕಿಂತ ಸುಲಭದ ದಾರಿ ಮೀಟರನ್ನು ತಂದೆಯ ಅಥವಾ ತಾಯಿಯ ಹೆಸರಿಗೆ ಬದಲಿಸಿಕೊಳ್ಳುವುದು. ನಮ್ಮ ಜಿಲ್ಲೆಗೆ ವಿದ್ಯುತ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಿಮ್ಮ ಶಾಖಾ ಕಚೇರಿಯಲ್ಲೇ ಅರ್ಜಿ ಕೊಡಬಹುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧವಿಟ್ಟುಕೊಳ್ಳಿ. ಪಂಚಾಯಿತಿಯ ಕಂದಾಯದ ರಸೀದಿ ಬದುಕಿರುವವರ ಹೆಸರಿನಲ್ಲಿದ್ದರೆ ಅದೂ ಸಾಕು. ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆಯ) ಒಂದು ಕೋಣೆಯನ್ನು ಕಚೇರಿ ಮಾಡಿಕೊಂಡವರು ಆ ಕೋಣೆಗೆ ಯಾವ ಮನೆ ಸಂಖ್ಯೆ ಇದೆ ಎಂದು ಮೊದಲು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ.

ವರ್ಷಕ್ಕೆ ಐದಾರು ಲಕ್ಷದ ವಹಿವಾಟು. ಜಿಎಸ್‌ಟಿ ಬೇಕೇ?

ಏನು ಮಾರುತ್ತೀರಿ, ಎಲ್ಲಿಗೆ ಮಾರುತ್ತೀರಿ ಎಂಬುದರ ಮೇಲಿದೆ. ಸೇವೆ ಕೊಡುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಬೇಡ, ಗಿರಾಕಿ ಬೇರೆ ರಾಜ್ಯದಲ್ಲಿದ್ದರೂ ಅಷ್ಟೇ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಮಿತಿ 40 ಲಕ್ಷ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವುದಾದರೆ ಮೊದಲ ಪೊಟ್ಟಣದಿಂದಲೇ ನೋಂದಣಿ ಬೇಕು. ಗಡಿಯ ಊರಾದ ಕುಟ್ಟದವರಿಗೆ ಕೇರಳದ ವಯನಾಡು ಕೂಗಳತೆ ದೂರ, ಆದರೂ ಅದು ಹೊರರಾಜ್ಯವೇ. ಸ್ವಂತ ತೋಟದ ಬೆಳೆಯನ್ನು ಮಾರುವ ಕೃಷಿಕರಿಗೆ ವಿನಾಯಿತಿ ಇದೆ. ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿದ ಮೇಲೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ.

ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಎರಡು ಹೆಸರುಗಳಿರುತ್ತವೆ. ‘ಕಾನೂನುಬದ್ಧ ಹೆಸರು’ ಪಾನ್‌ನಲ್ಲಿರುವ ನಿಮ್ಮ ಹೆಸರು, ‘ವ್ಯಾಪಾರ ನಾಮ’ ನೀವು ಇಟ್ಟ ಹೆಸರು. ಎರಡನ್ನೂ ಬಿಲ್ಲಿನಲ್ಲಿ ಬರೆಯುವುದು ಒಳ್ಳೆಯದು.

ಹೊಸ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದರೆ ಎರಡು ದಾಖಲೆ ಕೇಳಿದರು. ಯಾವುವು?

ಒಬ್ಬರೇ ಮಾಲೀಕರಾದ ಸಂಸ್ಥೆಗೆ, ವ್ಯವಹಾರ ನಡೆಯುತ್ತಿದೆ ಎಂಬುದಕ್ಕೆ ಎರಡು ದಾಖಲೆ ಪಡೆಯಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಉದ್ಯಮ್ ಒಂದು. ಜಿಎಸ್‌ಟಿ, ಪಂಚಾಯಿತಿ ಪರವಾನಗಿ ಇವುಗಳಲ್ಲಿ ಯಾವುದಾದರೂ ಇನ್ನೊಂದು. ಎರಡು ಒದಗಿಸಲು ಸಾಧ್ಯವೇ ಇಲ್ಲವೆಂದು ಮನವರಿಕೆಯಾದರೆ ಒಂದನ್ನೇ ಒಪ್ಪಿಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಇದನ್ನು ವಿನಯದಿಂದ ನೆನಪಿಸಿ.

ಮನೆಯೊಳಗೆ ಕಂಪ್ಯೂಟರ್ ಮುಂದೆ ಕೂರುವವನಿಗೆ ಬೋರ್ಡು ಏಕೆ?

ಜಿಎಸ್‌ಟಿ ಪಡೆದಿದ್ದರೆ ವ್ಯವಹಾರದ ಜಾಗದಲ್ಲಿ ಹೆಸರು ಹಲಗೆ ಹಾಕಿ ಅದರಲ್ಲಿ ನೋಂದಣಿ ಸಂಖ್ಯೆ ಬರೆಯಲೇಬೇಕು. ಅಧಿಕಾರಿಗಳು ಸ್ಥಳ ನೋಡಲು ಬಂದರೆ ಮೊದಲು ಹುಡುಕುವುದು ಅದನ್ನೇ. ತೋಟದ ನಡುವಿನ ಮನೆಯಾದರೆ ಗೇಟಿನ ಬಳಿಯೂ ಒಂದು ಹಾಕಿ. ರಾಜ್ಯದ ಕಾನೂನಿನಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ.

## ಹೆಸರು ನಿಮ್ಮದಾಗುವುದು

ಟ್ರೇಡ್‌ಮಾರ್ಕ್‌ಗೆ ಎಷ್ಟು ಖರ್ಚು? ಯಾವ ವರ್ಗ ಹಾಕಲಿ?

ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಅರ್ಜಿ ತಿರಸ್ಕಾರವಾದರೆ ಈ ಶುಲ್ಕ ಮರಳುವುದಿಲ್ಲ. ಸರಕು ಮತ್ತು ಸೇವೆಗಳನ್ನು ವಿಂಗಡಿಸಿದ ಒಟ್ಟು 45 ವರ್ಗಗಳಿವೆ. ಕಾಫಿ, ಜೇನು, ಸಾಂಬಾರ ಪದಾರ್ಥ 30ರಲ್ಲಿ. ಉಪ್ಪಿನಕಾಯಿ, ಜಾಮ್ 29ರಲ್ಲಿ. ಲೆಕ್ಕಪತ್ರದ ಕೆಲಸ 35, ಅನುವಾದ ಮತ್ತು ಪಾಠ 41, ಸಾಫ್ಟ್‌ವೇರ್ 42, ಹೋಂಸ್ಟೇ 43. ಹಣ ಕಡಿಮೆ ಇದ್ದರೆ ಇಂದು ನಿಮಗೆ ಅನ್ನ ಕೊಡುತ್ತಿರುವ ಒಂದೇ ವರ್ಗಕ್ಕೆ ಹಾಕಿ. ಹೋಂಸ್ಟೇ ಮುಂದೊಂದು ದಿನ ಮಾಡಿದರೆ ಆಗ ನೋಡಿದರಾಯಿತು.

ಇದಕ್ಕಾಗಿ ಚೆನ್ನೈಗೆ ಓಡಾಡಬೇಕೇ?

ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ, ಆದರೆ ಹೋಗಬೇಕಿಲ್ಲ. ಅರ್ಜಿ ಆನ್‌ಲೈನ್, ವಿಚಾರಣೆಯನ್ನೂ ವಿಡಿಯೋ ಮೂಲಕ ನಡೆಸುತ್ತಾರೆ. ಡಿಜಿಟಲ್ ಸಹಿ ಬೇಕು, ಇಲ್ಲವೇ ಏಜೆಂಟರ ಮೂಲಕ ಸಲ್ಲಿಸಬೇಕು. ವಿಚಾರಣೆಯ ದಿನ ಕರೆಂಟ್ ಹೋಗುವ ಭಯವಿದ್ದರೆ ಪೇಟೆಯಲ್ಲಿರುವ ಯಾರದಾದರೂ ಮನೆಯಲ್ಲಿ ಕುಳಿತುಕೊಳ್ಳಿ.

ಪರೀಕ್ಷಾ ವರದಿ ಬಂದಿದೆ, ಆಕ್ಷೇಪಣೆ ಎಂದಿದೆ. ಕೆಲಸ ಕೆಟ್ಟಿತೇ?

ಇಲ್ಲ. ಆಕ್ಷೇಪಣೆ ಬರುವುದು ಮಾಮೂಲು. ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಸುಮ್ಮನಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ. ನಮ್ಮಲ್ಲಿ ಹೆಚ್ಚಿನ ಅರ್ಜಿಗಳು ಸಾಯುವುದು ಇಲ್ಲಿಯೇ: ವರದಿ ಬಂದದ್ದು ಏಜೆಂಟರ ಮಿಂಚಂಚೆಗೆ, ಅವರು ತಿಳಿಸಲಿಲ್ಲ, ಇವರು ಕೇಳಲಿಲ್ಲ. ತಿಂಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೀವೇ ನೋಡಿ. ಪರೀಕ್ಷೆ ದಾಟಿದ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ. ಅದು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, 10 ವರ್ಷ ಊರ್ಜಿತ, ಆಮೇಲೆ ನವೀಕರಣ. ಆ ಪ್ರಮಾಣಪತ್ರ ಬರುವವರೆಗೆ ವೃತ್ತದೊಳಗಿನ ‘ಆರ್’ ಚಿಹ್ನೆ ಹಾಕಬೇಡಿ, ಅದಕ್ಕೆ ದಂಡವಿದೆ. ‘ಟಿಎಂ’ ಎಂದು ಹಾಕಬಹುದು.

ಎಂಟು ವರ್ಷದಿಂದ ನಾನು ಬಳಸುತ್ತಿರುವ ಹೆಸರನ್ನು ಹೊರಗಿನವರೊಬ್ಬರು ಟ್ರೇಡ್‌ಮಾರ್ಕ್ ಮಾಡಿಸಿದ್ದಾರೆ. ಬಿಟ್ಟುಕೊಡಬೇಕೇ?

ಬಿಟ್ಟುಕೊಡಬೇಡಿ. ಮೊದಲು ಬಳಸಿದವರ ಹಕ್ಕನ್ನು ನಮ್ಮ ಕಾನೂನು ಗೌರವಿಸುತ್ತದೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು: ನೋಂದಣಿ ಮಾಡಿಸಿದವರಿಗಿಂತ ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ಮೇಲು.

ಆದರೆ ಬಳಸಿದ್ದಕ್ಕೆ ಸಾಕ್ಷಿ ಬೇಕು. ಇದೇ ಕಷ್ಟದಲ್ಲಿದ್ದ ಒಬ್ಬ ಹಿರಿಯ ಮಹಿಳೆ ತಂದು ತೋರಿಸಿದ್ದು ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಕಾಚಂಪುಳಿ (ಅಡುಗೆಗೆ ಬಳಸುವ ಹುಳಿರಸ) ಬಾಟಲಿಗೆ ಅಂಟಿಸುತ್ತಿದ್ದ ಹಳೆಯ ಚೀಟಿಗಳು, ಮುದ್ರಣಾಲಯದ ಬಿಲ್ಲು, ದಿನಾಂಕದ ಮುದ್ರೆ ಸ್ಪಷ್ಟವಾಗಿದ್ದ ಅಂಚೆ ರಸೀದಿಗಳು. ಚೀಟಿಗಳ ಅಂಚು ಹುಳಿಯಿಂದ ಕಪ್ಪಾಗಿತ್ತು. ವಕೀಲರು ಮೊದಲು ಕೈಗೆತ್ತಿಕೊಂಡದ್ದು ಆ ರಸೀದಿಗಳನ್ನೇ. ಮೊದಲ ಬಿಲ್ಲು, ಮೊದಲ ಲೇಬಲ್, ಮೊದಲ ಗಿರಾಕಿಯ ಪತ್ರ, ಇವನ್ನು ಎಂದೂ ಎಸೆಯಬೇಡಿ. ಶೀತಕ್ಕೆ ಹಾಳಾಗದಂತೆ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ.

ಒಂದೇ ಹೆಸರು, ಬೇರೆ ಬೇರೆ ವ್ಯಾಪಾರ. ಇಬ್ಬರಿಗೂ ಸಿಗಬಹುದೇ?

ಸಿಗಬಹುದು. ಕನ್ನಡಿಗರೆಲ್ಲರಿಗೂ ಗೊತ್ತಿರುವ ಉದಾಹರಣೆ ನಂದಿನಿ. ಹಾಲು ಒಕ್ಕೂಟದ ‘ನಂದಿನಿ’ಗೂ ಬೆಂಗಳೂರಿನ ಹೋಟೆಲು ‘ನಂದಿನಿ ಡಿಲಕ್ಸ್’ಗೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ಹೋಟೆಲಿನವರೂ ಆ ಗುರುತನ್ನು ಹೊಂದಬಹುದು ಎಂದಿತು. ದೇವರ, ನದಿಯ ಹೆಸರುಗಳಲ್ಲಿ ಇದು ಹೆಚ್ಚು. ‘ಕಾವೇರಿ’ ಎಂದು ಇಡುವ ಮುನ್ನ ನಿಮ್ಮದೇ ವರ್ಗದಲ್ಲಿ ಎಷ್ಟು ಕಾವೇರಿಗಳಿವೆ ಎಂದು ಹುಡುಕಿ ನೋಡಿ.

ನಾನು ಕೆನಡಾಕ್ಕೆ ಹೋಗುತ್ತಿದ್ದೇನೆ. ವ್ಯವಹಾರವನ್ನು ತಂಗಿ ಮುಂದುವರಿಸುತ್ತಾಳೆ. ಹೆಸರನ್ನು ಅವಳಿಗೆ ಕೊಡುವುದು ಹೇಗೆ?

ಉದ್ಯಮ್, ಜಿಎಸ್‌ಟಿ ಎರಡೂ ನಿಮ್ಮ ಪಾನ್‌ಗೆ ಅಂಟಿಕೊಂಡಿರುವುದರಿಂದ ಕೊಡಲಾಗುವುದಿಲ್ಲ. ಅವಳು ತನ್ನ ಪಾನ್‌ನಲ್ಲಿ ಹೊಸದಾಗಿ ಪಡೆಯಬೇಕು, ಆಮೇಲೆ ನಿಮ್ಮವನ್ನು ರದ್ದು ಮಾಡಬೇಕು. ಈ ಕ್ರಮ ತಪ್ಪಿಸಬೇಡಿ, ನಡುವೆ ಬಿಲ್ಲು ಬರೆಯಲಾಗದೆ ನಿಲ್ಲಬೇಕಾಗುತ್ತದೆ. ಟ್ರೇಡ್‌ಮಾರ್ಕ್ ಆಸ್ತಿಯಿದ್ದಂತೆ, ಅದನ್ನು ಬರಹದ ಒಪ್ಪಂದದ ಮೂಲಕ ಅವಳಿಗೆ ವರ್ಗಾಯಿಸಿ ಇಲಾಖೆಯಲ್ಲಿ ದಾಖಲಿಸಬೇಕು. ಜಾಲತಾಣದ ವಿಳಾಸ, ಮಿಂಚಂಚೆ, ವ್ಯವಹಾರದ ಮೊಬೈಲ್ ಸಂಖ್ಯೆ ಇವನ್ನೂ ಆ ಪತ್ರದಲ್ಲಿ ಒಂದೊಂದಾಗಿ ಬರೆಯಿರಿ. ಇವೆಲ್ಲ ಮುಗಿಯುವವರೆಗೆ ಆಧಾರ್‌ಗೆ ಜೋಡಿಸಿದ ನಿಮ್ಮ ಸಿಮ್ ಚಾಲ್ತಿಯಲ್ಲಿರಲಿ. ಕೊನೆಯ ಒಟಿಪಿ ಬರುವುದು ಅದಕ್ಕೇ.